ಬದುವಿನ ಮರವನ್ನು ಸೌದೆಗೆ ಮಾರುವ ಮುನ್ನ

ನಾನು ಚಳ್ಳಕೆರೆ ಕಡೆಯ ಒಣಬೇಸಾಯದ ರೈತ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಆರೂವರೆ ಎಕರೆ ಹೊಲ. ಮಳೆ ಬಂದರೆ ಶೇಂಗಾ, ತೊಗರಿ, ಸ್ವಲ್ಪ ನವಣೆ. ಬಾರದಿದ್ದರೆ ಏನೂ ಇಲ್ಲ. ಬರೆಯೋದು ನನ್ನ ಕಸುಬಲ್ಲ. ಆದರೂ ಮರದ ವಿಚಾರದಲ್ಲಿ ನಾನು ಪೆಟ್ಟು ತಿಂದು ಕಲಿತದ್ದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಕೂತು ಬರೆದಿದ್ದೇನೆ.

2006ರಲ್ಲಿ ಕೊನೇ ತಂಗಿಯ ಮದುವೆ. ಆ ವರ್ಷ ಕೈಯಲ್ಲಿ ಕಾಸಿರಲಿಲ್ಲ. ಅಪ್ಪ ಬದುವಿನ ಮೇಲೆ ಬಿಟ್ಟು ಬೆಳೆಸಿದ್ದ ನಾಲ್ಕು ಕರಿಜಾಲಿ, ಒಂದು ಹುಣಸೆ ಮರ ಇದ್ದವು. ಮರದ ಸಾಬ್ಯಾರಿಯವನು ಬಂದು ಮರ ಸುತ್ತಿ ನೋಡಿ, "ಸೌದೆ ಬಿಟ್ರೆ ಬೇರೆ ಏನಕ್ಕೂ ಬರಲ್ಲ ಯಜಮಾನ್ರೇ, ಎಲ್ಲಾ ಸೇರಿ ಹನ್ನೊಂದು ಸಾವಿರ" ಅಂದ. ನಾನು ಹೂಂ ಅಂದೆ. ಎರಡೇ ದಿನದಲ್ಲಿ ಮರ ಉರುಳಿದವು. ಲಾರಿ ತುಂಬಿ ಹೋಯಿತು.

ಮದುವೆ ಮುಗಿದ ಮೇಲೆ ನಮ್ಮೂರ ಆಚಾರ್ರು ಹೊಲದ ಕಡೆ ಬಂದಿದ್ದರು. ಮೊದಲು ಇಡೀ ಊರಿನ ಕೂರಿಗೆ, ಕುಂಟೆ, ನೇಗಿಲು ಮಾಡಿಕೊಟ್ಟು ಕಣದಲ್ಲಿ ಆಯ ತಗೊಳ್ಳುತ್ತಿದ್ದ ಮನೆತನ ಅವರದು. ಬುಡ ನೋಡಿ ಕೂತುಬಿಟ್ಟರು. ಸೊಂಟದ ಹುರಿ ಬಿಚ್ಚಿ ಬುಡ ಅಳೆದರು. "ಚೇಗು ನೋಡಪ್ಪಾ ಹೆಂಗೈತೆ. ಇದನ್ನ ಒಲೆಗೆ ಮಾರಿದ್ಯಾ? ಗಾಡಿ ಗುಂಬ ಆಗೋ ಮರ ಕಣೋ ಇದು" ಅಂದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಕೆಲಸಕ್ಕೆ ನಾನು ಇಳಿದದ್ದು ಆ ಮಾತಿನಿಂದ.

ಮೊದಲು ಅಳತೆ ಕಲಿಯಿರಿ

ರೈತ ಶೇಂಗಾ ತೂಗದೆ ಮಾರುವುದಿಲ್ಲ. ಮರವನ್ನು ಮಾತ್ರ ಕಣ್ಣಳತೆಯಲ್ಲಿ ಕೊಡುತ್ತಾನೆ. ಸಾಮಿಲ್ಲಿನವರು ದುಂಡು ದಿಮ್ಮಿ ಅಳೆಯುವ ಲೆಕ್ಕ ಬಹಳ ಸುಲಭ. ದಿಮ್ಮಿಯ ನಡುಭಾಗದಲ್ಲಿ ಹುರಿ ಸುತ್ತಿ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿಯಬೇಕು. ಅದನ್ನು ನಾಲ್ಕರಿಂದ ಭಾಗಿಸಬೇಕು. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. ಅದನ್ನು ದಿಮ್ಮಿಯ ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ.

ಒಂದು ಉದಾಹರಣೆ. ಸುತ್ತಳತೆ 36 ಇಂಚು, ಉದ್ದ 8 ಅಡಿ. ನಾಲ್ಕರಿಂದ ಭಾಗಿಸಿದರೆ 9. ಒಂಬತ್ತೊಂಬತ್ಲೆ 81. ಎಂಟರಿಂದ ಗುಣಿಸಿದರೆ 648. ಅದನ್ನು 144ರಿಂದ ಭಾಗಿಸಿದರೆ ನಾಲ್ಕೂವರೆ ಘನ ಅಡಿ.

ನನ್ನ ಒಂದು ಕರಿಜಾಲಿಯ ನಡುವಿನ ಸುತ್ತಳತೆ ಐದಡಿ, ನೆಟ್ಟನೆಯ ಬೊಡ್ಡೆ ಒಂಬತ್ತಡಿ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಹದಿನಾಲ್ಕು ಘನ ಅಡಿ ಬಂತು. ಅಂಥವು ನಾಲ್ಕು. ಕೊಂಬೆ, ಹುಣಸೆ ಎಲ್ಲಾ ಬೇರೆ. ಲೆಕ್ಕ ಕಲಿತ ದಿನವೇ ನನ್ನ ನಷ್ಟವೂ ಗೊತ್ತಾಯಿತು. ಮರ ಮಾರುವವರು ಮಾರಲಿ, ಬೇಡ ಅನ್ನೋದಿಲ್ಲ. ಆದರೆ ಒಂದು ಹುರಿ, ಒಂದು ಇಂಚುಪಟ್ಟಿ ಹಿಡಿದು ಅಳೆದ ಮೇಲೆ ಮಾತಿಗೆ ಕೂರಿ.

ಇನ್ನೊಂದು ಮಾತು. ಇದು ದುಂಡು ದಿಮ್ಮಿಯ ಲೆಕ್ಕ. ಕೊಯ್ದ ಮೇಲೆ ಇಷ್ಟೂ ಹಲಗೆ ಸಿಗುವುದಿಲ್ಲ. ನಮ್ಮ ಕಡೆಯ ಮರಗಳು ಸೊಟ್ಟ, ಗಂಟು ಜಾಸ್ತಿ. ಅರ್ಧದಷ್ಟು ಉಪಯೋಗಕ್ಕೆ ಬಂದರೆ ಚೆನ್ನಾಗಿ ಬಂತು ಅಂತ ತಿಳಿಯಬೇಕು.

ಯಂತ್ರ ಮೊದಲು ತಂದು ಕೆಟ್ಟೆ

ಲೆಕ್ಕ ಕಲಿತ ಹುಮ್ಮಸ್ಸಿನಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಸುತ್ತ ಹತ್ತು ಊರಿಗೆ ಮರ ಕೊಯ್ದು ಕೊಡೋಣ, ನಾವೇ ಸಾಮಿಲ್ ಇಡೋಣ ಅನ್ನಿಸಿತು. 2009ರಲ್ಲಿ ಹಳೇ ಬ್ಯಾಂಡ್ ಸಾ ಯಂತ್ರ ಒಂದನ್ನು 85 ಸಾವಿರಕ್ಕೆ ತಂದೆ. ಮೋಟಾರಿಗೆ 15 ಸಾವಿರ, ತಗಡಿನ ಶೆಡ್ಡಿಗೆ 30 ಸಾವಿರ. ಒಟ್ಟು ಒಂದು ಲಕ್ಷ ಮೂವತ್ತು ಸಾವಿರ. ಅರ್ಧ ದುಡ್ಡು ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ. ಉಳಿದರ್ಧ ಹೆಂಡತಿಯ ಒಡವೆ ಅಡವಿಟ್ಟದ್ದು.

ಏಳು ತಿಂಗಳು ಓಡಿತು. ಎಂಟನೇ ತಿಂಗಳು ಅರಣ್ಯ ಇಲಾಖೆಯವರು ಬಂದು ಲೈಸೆನ್ಸ್ ಕೇಳಿದರು. ನನ್ನ ಹತ್ತಿರ ಪಂಚಾಯ್ತಿಯ ಒಂದು ರಶೀದಿ ಬಿಟ್ಟರೆ ಏನೂ ಇರಲಿಲ್ಲ. ಯಂತ್ರಕ್ಕೆ ಸೀಲ್ ಹಾಕಿದರು. ಕೇಸು ಮುಗಿಸಿ ಯಂತ್ರ ಬಿಡಿಸಿಕೊಂಡು ಮಾರುವ ಹೊತ್ತಿಗೆ ಬಂದದ್ದು 40 ಸಾವಿರ. ಒಡವೆ ಬಿಡಿಸಲು ಐದು ವರ್ಷ ಹಿಡಿಯಿತು. ಮನೆಯವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸಮಾಧಾನ ಆಗುತ್ತಿತ್ತು.

ಇದರಲ್ಲಿ ಬಂದವರ ತಪ್ಪು ಇರಲಿಲ್ಲ. ತಿಳಿದುಕೊಳ್ಳದೆ ಇಳಿದದ್ದು ನನ್ನ ತಪ್ಪು. ಆಮೇಲೆ ತಿಳಿದವರನ್ನು ಕೇಳಿ ಗೊತ್ತು ಮಾಡಿಕೊಂಡದ್ದು ಇಷ್ಟು. ಕಾಡು ಉಳಿಸುವ ಸಲುವಾಗಿ ಸುಪ್ರೀಂ ಕೋರ್ಟಿನಲ್ಲಿ ನಡೆದ ಗೋದಾವರ್ಮನ್ ಮೊಕದ್ದಮೆಯಲ್ಲಿ 1996ರಿಂದ ಒಂದಾದ ಮೇಲೊಂದು ಆದೇಶ ಬಂದವು. 2002ರಲ್ಲಿ ಲೈಸೆನ್ಸ್ ಇಲ್ಲದ ಸಾಮಿಲ್‌ಗಳನ್ನೆಲ್ಲ ಮುಚ್ಚಿಸಬೇಕು, ಹೊಸದಕ್ಕೆ ಮೇಲಿನ ಅನುಮತಿ ಇಲ್ಲದೆ ಅವಕಾಶ ಕೊಡಬಾರದು ಅಂತ ಆಯಿತು. 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಕೈಗಾರಿಕೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರಂತೆ ರಾಜ್ಯ ಮಟ್ಟದ ಸಮಿತಿ ಇದನ್ನು ನೋಡಿಕೊಳ್ಳುತ್ತದೆ. ನಮ್ಮದೇ ಹೊಲದ ಮರ ಕೊಯ್ಯಲಿಕ್ಕೇ ಆದರೂ ದಿಮ್ಮಿ ಕೊಯ್ಯುವ ಯಂತ್ರ ಕೂರಿಸುವ ಮುಂಚೆ ಅರಣ್ಯ ಇಲಾಖೆಯ ಒಪ್ಪಿಗೆ ನೋಡಿಕೊಳ್ಳಬೇಕು.

ಮರ ಕಡಿಯುವುದಕ್ಕೂ ಕಾಯ್ದೆ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಪಟ್ಟಾ ಜಮೀನಿನ ಮರವಾದರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ಬಳ್ಳಾರಿ ಜಾಲಿ ಇಂಥ ಕೆಲವಕ್ಕೆ ವಿನಾಯಿತಿ ಇದೆ. ಆದರೆ ಪಟ್ಟಿಯಲ್ಲಿ ಆಗಾಗ ತಿದ್ದುಪಡಿ ಆಗುತ್ತದೆ. ಕೊಡಲಿ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆದು ಕೊಟ್ಟು, ಅದರ ನಕಲಿಗೆ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಬಾಯಿಮಾತು ನಂಬಬೇಡಿ. ಸಾಗಿಸುವಾಗ ಪಾಸು ಬೇಕೋ ಬೇಡವೋ ಅನ್ನುವುದನ್ನೂ ಅಲ್ಲೇ ಕೇಳಿ.

ಈಗ ನಾನು ಮಾಡುವುದು ಬೇರೆ. ದಿಮ್ಮಿಯನ್ನು ಪೇಟೆಯ ಲೈಸೆನ್ಸ್ ಇರುವ ಸಾಮಿಲ್ಲಿಗೆ ಒಯ್ದು ಕೂಲಿ ಕೊಟ್ಟು ಕೊಯ್ಸುತ್ತೇನೆ. ಒಣಗಿಸುವುದು, ಕೆತ್ತುವುದು, ಕಡೆಯುವುದು ಮನೆಯಲ್ಲಿ. ಬಂಡವಾಳ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ತಲೆನೋವು ಪೂರ್ತಿ ಹೋಯಿತು. ಸಣ್ಣ ರೈತರಿಗೆ ನಾನು ಹೇಳುವ ದಾರಿ ಇದೇ.

ಸಾಮಿಲ್ಲಿಗೆ ಹೋಗುವಾಗ ಎರಡು ಎಚ್ಚರ. ಬದುವಿನ ಮರದಲ್ಲಿ ಮೊಳೆ, ತಂತಿ, ದನ ಕಟ್ಟಿದ ಗೂಟದ ಕಬ್ಬಿಣ ಒಳಗೆ ಸೇರಿರುತ್ತದೆ. ತೊಗಟೆ ತೆಗೆದು ನೋಡಿ ಕಿತ್ತು ಹಾಕಿ. ಬ್ಲೇಡು ಹೋದರೆ ಅದರ ದುಡ್ಡು ನಿಮ್ಮ ಲೆಕ್ಕಕ್ಕೇ. ಎರಡನೆಯದು, ಒಂದು ಇಂಚಿನ ಹಲಗೆ ಬೇಕಾದರೆ ಒಂದೂಕಾಲು ಇಂಚು ಕೊಯ್ಸಿ. ಒಣಗಿದಾಗ ಇಂಗುತ್ತದೆ, ಕೀಸಿದಾಗ ಇನ್ನಷ್ಟು ಹೋಗುತ್ತದೆ.

ಯಾವ ಮರ ಯಾವುದಕ್ಕೆ

ಆಚಾರ್ರ ಹತ್ತಿರ ಕೂತು ಕಲಿತದ್ದು, ಆಮೇಲೆ ನಾನೇ ಮಾಡಿ ನೋಡಿದ್ದು ಸೇರಿಸಿ ಬರೆಯುತ್ತೇನೆ.

ಕರಿಜಾಲಿ: ಗಟ್ಟಿ, ಭಾರ, ಏಟು ತಡೆಯುತ್ತದೆ. ಗುದ್ದಲಿ ಕಾವು, ಕೊಡಲಿ ಕಾವು, ಕೂರಿಗೆಯ ದಿಂಡು, ತಾಳು, ಗಾಡಿಯ ಸಾಮಾನು ಎಲ್ಲಕ್ಕೂ ಇದೇ. ಒಣಗಿದ ಮೇಲೆ ಉಳಿಗೆ ಬಗ್ಗುವುದಿಲ್ಲ. ಹಾಗಾಗಿ ತೂತು, ಗಾಡಿ ಹೊಡೆಯುವ ಒರಟು ಕೆಲಸವನ್ನು ಸ್ವಲ್ಪ ಹಸಿ ಇರುವಾಗಲೇ ಮುಗಿಸಿ, ನಯ ಕೆಲಸವನ್ನು ಒಣಗಿದ ಮೇಲೆ ಮಾಡಬೇಕು.

ಬಳ್ಳಾರಿ ಜಾಲಿ: ನಮ್ಮ ಸೀಮೆಗೆ ಶಾಪ ಅಂತಲೇ ಎಲ್ಲರೂ ಬೈಯುವ ಗಿಡ. ಕೆರೆ, ಹಳ್ಳ, ಬೀಳು ಎಲ್ಲಾ ತುಂಬಿದೆ. ಇದ್ದಿಲಿಗೆ ಬಿಟ್ಟರೆ ಬೇರೆ ಉಪಯೋಗ ಇಲ್ಲ ಅಂದುಕೊಂಡಿದ್ದೆ. ಆದರೆ ತೊಡೆ ಗಾತ್ರಕ್ಕೆ ಬೆಳೆದ ಬೊಡ್ಡೆಯ ಒಳಗೆ ಒಳ್ಳೆ ಕಂದು ಬಣ್ಣದ ಚೇಗು ಇರುತ್ತದೆ. ಇದರ ದೊಡ್ಡ ಗುಣ ಅಂದರೆ ಒಣಗಿದಾಗ ಬಹಳ ಕಮ್ಮಿ ಇಂಗುತ್ತದೆ, ಕಮ್ಮಿ ಸೊಟ್ಟಾಗುತ್ತದೆ. ಉದ್ದದ ಹಲಗೆ ಸಿಗುವುದಿಲ್ಲ. ಎರಡು ಮೂರು ಅಡಿಯ ಸಾಮಾನಿಗೆ ಚಿನ್ನದಂಥ ಮರ. ಮುದ್ದೆ ಕೋಲು, ಲಟ್ಟಣಿಗೆ, ಉಳಿ ಹಿಡಿ, ಕುಡುಗೋಲು ಹಿಡಿ ಎಲ್ಲಾ ನಾನು ಇದರಲ್ಲೇ ಮಾಡುವುದು. ಮುಳ್ಳು ಚುಚ್ಚಿದರೆ ಬಾತುಕೊಳ್ಳುತ್ತದೆ, ಜೋಪಾನ.

ಹುಣಸೆ: ಇದರ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಮಚ್ಚಿನ ಏಟಿಗೆ ಸುಲಭವಾಗಿ ಸೀಳುವುದಿಲ್ಲ. ಮಾಂಸದ ಅಂಗಡಿಯವರು ಕೊಚ್ಚುವ ಕೊರಡಿಗೆ ಹುಣಸೆಯನ್ನೇ ಕೇಳುವುದು ಅದಕ್ಕೇ. ಕೊಡತಿ, ಒನಕೆಗೂ ಆಗುತ್ತದೆ. ಆದರೆ ಹೊರಗಿನ ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ. ಹಣ್ಣು ಬಿಡುವ ಹುಣಸೆ ಮರವನ್ನು ಮಾತ್ರ ಯಾವ ಕಾರಣಕ್ಕೂ ಕಡಿಯಬೇಡಿ. ಬಿದ್ದ ಮರ, ಒಣಗಿದ ಮರ ಸಾಕು.

ಬೇವು: ಕೊಯ್ಯಲು ಕೀಸಲು ಹಗುರ, ಗೆದ್ದಲು ಅಷ್ಟಾಗಿ ಮುಟ್ಟುವುದಿಲ್ಲ. ಬಾಗಿಲು ಚೌಕಟ್ಟು, ಪೆಟ್ಟಿಗೆ, ಕೂರುವ ಮಣೆಗೆ ಒಳ್ಳೇದು. ಸೌಟು ಮಾಡಿದರೆ ಹೊಸದರಲ್ಲಿ ಕಹಿ ವಾಸನೆ ಬರುತ್ತದೆ ಅಂತ ಹೆಣ್ಣುಮಕ್ಕಳು ವಾಪಸ್ ತಂದರು.

ಹೊಂಗೆ: ಬೇಗ ಹುಳ ಹಿಡಿಯುತ್ತದೆ. ನೆರಳಿಗೆ, ಬೀಜಕ್ಕೆ, ಸೊಪ್ಪಿಗೆ ಇರಲಿ. ಸಾಮಾನಿಗೆ ಬೇಡ.

ಬಾಯಿ ಬಿಟ್ಟ ಮಣೆ

ಯಂತ್ರ ಹೋದ ಮೇಲೆ ಆಚಾರ್ರನ್ನು ಕೂರಿಸಿಕೊಂಡು ಕೈಕೆಲಸ ಶುರು ಮಾಡಿದೆ. ಮೊದಲ ಸಲ ಬೇವಿನ ಹಲಗೆಯಲ್ಲಿ ನಲವತ್ತು ಚಪಾತಿ ಮಣೆ ಮಾಡಿಸಿದೆ. "ಇನ್ನೂ ಹಸಿ ಐತೆ, ತಡಿಯಪ್ಪಾ" ಅಂತ ಆಚಾರ್ರು ಹೇಳಿದರು. ಸಾಲದವನು ಮನೆ ಬಾಗಿಲಲ್ಲಿ ನಿಂತಿದ್ದ. ತಡೆಯಲಿಲ್ಲ. ಸಂತೆಯಲ್ಲಿ ಎಲ್ಲಾ ಮಾರಿದವು.

ತಿಂಗಳಾದ ಮೇಲೆ ಅದೇ ಸಂತೆಯಲ್ಲಿ ಒಬ್ಬ ಹೆಣ್ಣುಮಗಳು ಮಣೆ ತಂದು ಮುಂದಿಟ್ಟಳು. "ಅಣ್ಣಾ, ನಿನ್ನ ಮಣೆ ಬಾಯಿ ಬಿಟ್ಟೈತೆ ನೋಡು. ಹಿಟ್ಟೆಲ್ಲಾ ಸಂದಿಗೆ ಹೋಗ್ತೈತೆ" ಅಂದಳು. ಸುತ್ತ ಜನ. ದುಡ್ಡು ವಾಪಸ್ ಕೊಟ್ಟೆ. ಆಮೇಲಿನ ಮೂರು ಸಂತೆಯಲ್ಲಿ ಇಪ್ಪತ್ತಾರು ಮಣೆ ವಾಪಸ್ ಬಂದವು. ಎಲ್ಲರಿಗೂ ದುಡ್ಡು ಕೊಟ್ಟೆ. ನಷ್ಟವೇ ಆಯಿತು. ಆದರೆ ಆ ಹೆಣ್ಣುಮಗಳು ಈಗಲೂ ನನ್ನ ಗಿರಾಕಿ.

ಮರದ ಕೆಲಸದಲ್ಲಿ ಅರ್ಧ ಕೆಲಸ ಒಣಗಿಸುವುದೇ. ಹಸಿ ಮರದಲ್ಲಿ ನೀರು ತುಂಬಿರುತ್ತದೆ. ಹಲಗೆಯ ತುದಿಗಳಲ್ಲಿ ನಾರಿನ ಬಾಯಿ ತೆರೆದಿರುವುದರಿಂದ ಅಲ್ಲಿ ನೀರು ಬೇಗ ಹೋಗುತ್ತದೆ, ನಡುವೆ ನಿಧಾನ. ತುದಿ ಇಂಗಿ ನಡು ಇಂಗದಿದ್ದಾಗ ತುದಿ ಸೀಳುತ್ತದೆ. ಇದೊಂದು ತಿಳಿದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ನಾನು ಮಾಡುವ ಕ್ರಮ ಹೀಗೆ:

1. ಮರ ಕಡಿದ ದಿನವೇ ದಿಮ್ಮಿಯ ಎರಡೂ ತುದಿಗೆ ಹಳೇ ಪೇಂಟು ಅಥವಾ ಕರಗಿಸಿದ ಮೇಣ ಬಳಿಯುತ್ತೇನೆ. ಏನೂ ಇಲ್ಲದಿದ್ದರೆ ದಪ್ಪ ಸಗಣಿ. ಇಲ್ಲವೇ ಇಲ್ಲ ಅನ್ನುವುದಕ್ಕಿಂತ ಅದು ವಾಸಿ.

2. ದಿಮ್ಮಿಯನ್ನು ಬಹಳ ದಿನ ಹಾಗೇ ಬಿಡುವುದಿಲ್ಲ. ಬೇಗ ಹಲಗೆ ಮಾಡಿಸಿಬಿಡುತ್ತೇನೆ. ಕೊಯ್ಸಲು ತಡವಾಗುವುದಾದರೆ ಆಚಾರ್ರ ಕಾಲದ ಪದ್ಧತಿಯಂತೆ ಹೊಂಡದ ನೀರಲ್ಲಿ ಕೆಲವು ವಾರ ಮುಳುಗಿಸಿ ಇಡುತ್ತೇನೆ. ಹುಳ ತಿನ್ನುವ ಹಿಟ್ಟಿನಂಶ ಸ್ವಲ್ಪ ಬಿಟ್ಟುಹೋಗುತ್ತದೆ, ಬಿರುಕೂ ಬರುವುದಿಲ್ಲ.

3. ನೆರಳಲ್ಲಿ, ಗಾಳಿ ಆಡುವ ಕಡೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲಿಟ್ಟು ಹಲಗೆ ಒಟ್ಟುತ್ತೇನೆ. ಒಂದು ಸಾಲು ಹಲಗೆ, ಅದರ ಮೇಲೆ ಅಡ್ಡಕ್ಕೆ ಒಂದಿಂಚಿನ ರೀಪು, ಮತ್ತೆ ಹಲಗೆ. ರೀಪುಗಳು ಎರಡಡಿಗೆ ಒಂದರಂತೆ, ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಇರಬೇಕು. ಸಾಲು ತಪ್ಪಿದರೆ ಹಲಗೆ ಡೊಂಕಾಗುತ್ತದೆ. ಎಲ್ಲಕ್ಕಿಂತ ಮೇಲೆ ಚಪ್ಪಡಿ ಕಲ್ಲಿನ ಭಾರ.

4. ಬಿಸಿಲಿಗೆ ಹಾಕುವುದಿಲ್ಲ. ನಮ್ಮ ಕಡೆಯ ಮಾರ್ಚ್, ಏಪ್ರಿಲ್ ಬಿಸಿಲು, ಬೀಸುಗಾಳಿಗೆ ಬೇಗ ಒಣಗುತ್ತದೆ ನಿಜ, ಆದರೆ ಸೀಳಿಹೋಗುತ್ತದೆ. ಆ ದಿನಗಳಲ್ಲಿ ಗಾಳಿ ಬರುವ ಕಡೆ ಗೋಣಿತಾಟು ಕಟ್ಟುತ್ತೇನೆ.

5. ಒಂದಿಂಚಿನ ಹಲಗೆಗೆ ಆರು ತಿಂಗಳಿಂದ ಒಂದು ವರ್ಷ. ದಪ್ಪ ಹೆಚ್ಚಿದಷ್ಟೂ ಕಾಲ ಹೆಚ್ಚು.

ಒಣಗಿತೋ ಇಲ್ಲವೋ ತಿಳಿಯುವುದು ಹೇಗೆ? ಒಟ್ಟಿದ ರಾಶಿಯಿಂದ ಒಂದು ತುಂಡಿಗೆ ಗುರುತು ಮಾಡಿ, ಹದಿನೈದು ದಿನಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಗೋಡೆ ಮೇಲೆ ಬರೆಯಿರಿ. ಮೊದಮೊದಲು ತೂಕ ಜೋರಾಗಿ ಇಳಿಯುತ್ತದೆ. ಆಮೇಲೆ ನಿಧಾನ. ಬೇಸಿಗೆಯಲ್ಲಿ ಎರಡು ಮೂರು ಸಲ ತೂಗಿದರೂ ಅದೇ ತೂಕ ಬಂದರೆ ಹಲಗೆ ಒಣಗಿತು ಅಂತ ಅರ್ಥ. ಮಳೆಗಾಲದಲ್ಲಿ ತೂಕ ನಿಂತರೆ ನಂಬಬೇಡಿ, ಗಾಳಿಯಲ್ಲೇ ತೇವ ಇರುತ್ತದೆ.

ಹುಳದ ವಿಷಯ. ಹಲಗೆ ಕೆಳಗೆ ಗೋಧಿ ಹಿಟ್ಟಿನಂಥ ನಯ ಪುಡಿ ಬಿದ್ದಿದ್ದರೆ ಹುಳ ಬಿದ್ದಿದೆ ಅಂತ ತಿಳಿಯಿರಿ. ಅದು ಬಹುಪಾಲು ಬಿಳಿ ಭಾಗಕ್ಕೇ ಬೀಳುತ್ತದೆ. ಅಡಿಗೆಮನೆ ಸಾಮಾನಿಗೆ ನಾನು ಯಾವ ಔಷಧಿಯನ್ನೂ ಹಾಕುವುದಿಲ್ಲ. ಬಿಳಿ ಭಾಗ ಕೆತ್ತಿ ತೆಗೆದು ಬರೀ ಚೇಗಿನಲ್ಲಿ ಮಾಡುತ್ತೇನೆ.

ಕಾವು ಮಾಡುವ ಗುಟ್ಟು

ಗುದ್ದಲಿ, ಕೊಡಲಿಗೆ ಕಾವು ಎಲ್ಲರೂ ಮಾಡಿಕೊಳ್ಳುತ್ತೇವೆ. ಆದರೂ ಬೇಗ ಮುರಿಯುತ್ತವೆ. ಆಚಾರ್ರು ಹೇಳಿದ್ದು: "ಕಾವನ್ನ ಕೊಯ್ಬಾರ್ದು, ಸೀಳ್ಬೇಕು." ಗರಗಸ ನಾರನ್ನು ನೋಡುವುದಿಲ್ಲ, ನೆಟ್ಟಗೆ ಹೋಗುತ್ತದೆ. ನಾರು ಓರೆಯಾಗಿ ಹೊರಗೆ ಬಂದ ಕಡೆ ಕಾವು ಮುರಿಯುತ್ತದೆ. ಬೆಣೆ ಹೊಡೆದು ಸೀಳಿದರೆ ಮರ ನಾರಿನ ದಾರಿಯಲ್ಲೇ ಬಿಡುತ್ತದೆ. ಅಂಥ ತುಂಡನ್ನು ಬಾಚಿಯಲ್ಲಿ ಕೆತ್ತಿ ಕೀಸಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಾರು ಅಖಂಡ ಇರುತ್ತದೆ.

ಇನ್ನೊಂದು, ಪೂರ್ತಿ ಒಣಗಿದ ಕಾವನ್ನೇ ಹಾಕಬೇಕು. ಹಸಿ ಕಾವು ಹಾಕಿದರೆ ಆಮೇಲೆ ಇಂಗಿ ಕೊಡಲಿ ಕಳಚಿ ಹಾರುತ್ತದೆ. ಪಕ್ಕದಲ್ಲಿ ಮಕ್ಕಳಿದ್ದರೆ ಏನು ಗತಿ?

ಕೆಲಸದ ಜಾಗ, ಆಯುಧ, ಎಚ್ಚರ

ದನದ ಕೊಟ್ಟಿಗೆಯ ಅರ್ಧ ಭಾಗವೇ ನನ್ನ ಕೆಲಸದ ಜಾಗ. ಬಾಚಿ, ಉಳಿ, ಕೀಸುಳಿ, ಕೈಗರಗಸ, ಕೊಡತಿ, ಮೂಲೆಮಟ್ಟ, ಅರ. ಕಡೆಯಲು ಒಂದು ಸಣ್ಣ ಲೇತು, ಸಿಂಗಲ್ ಫೇಸಿನದು. ಹಳ್ಳಿಯ ಕರೆಂಟಿಗೆ ಅದೇ ಸರಿ.

2014ರಲ್ಲಿ ಲೇತಿನ ಮುಂದೆ ನಿಂತಿದ್ದಾಗ ಹೆಗಲ ಮೇಲಿನ ಟವೆಲ್ ಜಾರಿ ತಿರುಗುವ ಮರಕ್ಕೆ ಸಿಕ್ಕಿತು. ಹಿಡಿಯಲು ಹೋದ ಕೈಯನ್ನೂ ಎಳೆದುಕೊಂಡಿತು. ಎಡಗೈಯ ಉಂಗುರದ ಬೆರಳು ಮುರಿಯಿತು. ಈಗಲೂ ಆ ಬೆರಳಿಗೆ ಸ್ಪರ್ಶ ಇಲ್ಲ, ಚಳಿಗಾಲದಲ್ಲಿ ನೋಯುತ್ತದೆ. ಅವತ್ತಿನಿಂದ ಕೆಲವು ಕಟ್ಟುನಿಟ್ಟು ಮಾಡಿದ್ದೇನೆ. ಟವೆಲ್, ಪಂಚೆ, ಉದ್ದ ತೋಳಿನ ಅಂಗಿ ಬೇಡ. ಯಂತ್ರ ಓಡುವಾಗ ಯಾರೂ ಮಾತಾಡಿಸಬಾರದು. ಸಣ್ಣ ತುಂಡನ್ನು ಕೈಯಿಂದ ನೂಕಬಾರದು, ಕೋಲಿನಿಂದ ನೂಕಬೇಕು. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ. ಕುಡಿದವನು ಕೊಟ್ಟಿಗೆಯ ಒಳಗೇ ಬರಬಾರದು.

ಮೊಂಡು ಆಯುಧವೇ ಹೆಚ್ಚು ಅಪಾಯ. ಮೊಂಡಾದರೆ ಜಾಸ್ತಿ ಒತ್ತುತ್ತೀರಿ, ಜಾರುತ್ತದೆ. ದಿನಾ ಬೆಳಗ್ಗೆ ಅರ್ಧ ಗಂಟೆ ಸಾಣೆಗೆ ಅಂತಲೇ ಇಟ್ಟುಕೊಳ್ಳಿ.

ಎಣ್ಣೆಯ ಬಗ್ಗೆಯೂ ಹೇಳಬೇಕು. ಮನೆಯಲ್ಲಿ ಇದ್ದದ್ದು ಶೇಂಗಾ ಎಣ್ಣೆ, ಅದನ್ನೇ ಹಚ್ಚಿದೆ. ಅದು ಆರುವುದಿಲ್ಲ. ಜಿಡ್ಡು ಉಳಿದು ಕಮಟು ವಾಸನೆ ಬಂತು. ಈಗ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ ಕೆಲವು ದಿನ ಆರಲು ಬಿಟ್ಟು ಮತ್ತೊಮ್ಮೆ ತಿಕ್ಕುತ್ತೇನೆ. ಅದು ಮರದ ಒಳಗೇ ಆರಿ ಗಟ್ಟಿಯಾಗುತ್ತದೆ. ಆದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ಒಳಗೊಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುವುದುಂಟು. ಮರದ ಹೊಟ್ಟು ಬೇರೆ ಪಕ್ಕದಲ್ಲಿರುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಹಾಕಿ.

ಮುದ್ದೆ ಕೋಲಿನ ಲೆಕ್ಕ

ಲೆಕ್ಕ ಇಲ್ಲದ ಕಸುಬು ಕಸುಬಲ್ಲ. ನನ್ನ ಪುಸ್ತಕದಲ್ಲಿ ಇರುವ ಒಂದು ಲೆಕ್ಕ ಕೊಡುತ್ತೇನೆ. 24 ಇಂಚು ಸುತ್ತಳತೆ, 4 ಅಡಿ ಉದ್ದದ ಬಳ್ಳಾರಿ ಜಾಲಿ ಬೊಡ್ಡೆ. ಮೇಲಿನ ಲೆಕ್ಕದಂತೆ ಸರಿಯಾಗಿ ಒಂದು ಘನ ಅಡಿ. ಹಸಿಯಲ್ಲಿ ಸುಮಾರು 40 ಕಿಲೋ ತೂಗಿತು. ಕಿಲೋಗೆ 4 ರೂಪಾಯಿಯಂತೆ ಸೌದೆಗೆ ಕೊಟ್ಟಿದ್ದರೆ 160 ರೂಪಾಯಿ. ಇದನ್ನು ಎರಡೆರಡು ಅಡಿಗೆ ತುಂಡು ಮಾಡಿ, ಒಂದೂವರೆ ಇಂಚು ಚೌಕದ ಕೋಲು ಕೊಯ್ಸಿದೆ. ಹದಿನೆಂಟು ಬಂದವು. ಗಂಟು, ಬಿರುಕು, ಹುಳ ಅಂತ ಆರು ಹೋದವು. ಉಳಿದದ್ದು ಹನ್ನೆರಡು.

ಖರ್ಚು: ಮರಕ್ಕೆ 160. ಕೊಯ್ಸುವ ಕೂಲಿ, ಬಾಡಿಗೆ ಪಾಲು 120. ಒಬ್ಬ ಆಳಿನ ಒಂದು ದಿನದ ಕೂಲಿ 600. ಉಪ್ಪುಕಾಗದ, ಎಣ್ಣೆ, ಕರೆಂಟು 60. ಒಟ್ಟು 940.

ಮಾರಿದ್ದು: ಒಂದಕ್ಕೆ 120ರಂತೆ ಹನ್ನೆರಡಕ್ಕೆ 1,440. ಉಳಿದದ್ದು 500 ರೂಪಾಯಿ. ಕೆಲಸ ನಮ್ಮ ಮನೆಯವರೇ ಮಾಡಿದರೆ ಆ 600 ಕೂಡ ಮನೆಯಲ್ಲೇ ಉಳಿಯುತ್ತದೆ. ಹಾಳಾದ ಆರು ಕೋಲೂ ಒಲೆಗೆ ಆಯಿತು.

ಇದನ್ನು ನೋಡಿ ಯಾರೂ ದಿನಕ್ಕೆ ನೂರು ಕೋಲು ಮಾಡಲು ಹೊರಡಬೇಡಿ. ಮುದ್ದೆ ಕೋಲು ಒಂದು ಮನೆಗೆ ಹತ್ತು ವರ್ಷಕ್ಕೆ ಒಂದು ಸಾಕು. ಅದಕ್ಕೇ ಸಾಮಾನು ಹತ್ತು ತರಹ ಇರಬೇಕು. ಒಂದೊಂದೂ ಸ್ವಲ್ಪ ಸ್ವಲ್ಪ.

ಮಾರುವುದು ಎಲ್ಲಿ?

ಮೊದಲು ಹೋಬಳಿ ಸಂತೆ. ಅಲ್ಲಿ ಕಾವು, ಹಿಡಿ, ಕೋಲು, ಲಟ್ಟಣಿಗೆ ಹೋಗುತ್ತವೆ. ಮುಂಗಾರಿನ ಮುಂಚೆ ಕಾವು, ಸುಗ್ಗಿಗೆ ಮುಂಚೆ ಕುಡುಗೋಲು ಹಿಡಿ. ಹೊತ್ತು ನೋಡಿ ಒಯ್ಯಬೇಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಅಡಿಗೆಮನೆ ಸಾಮಾನು ಚೆನ್ನಾಗಿ ಹೋಗುತ್ತದೆ. ಮಾಂಸದ ಅಂಗಡಿಯವರು ಕೊರಡಿಗೆ ಮುಂಗಡ ಕೊಟ್ಟು ಹೋಗುತ್ತಾರೆ. ಕಂಬಳಿ ನೇಯುವವರು ಮಗ್ಗದ ಬಿಡಿ ಸಾಮಾನು ಹೇಳಿ ಮಾಡಿಸುತ್ತಾರೆ. ಇತ್ತೀಚೆಗೆ ಬೆಂಗಳೂರಲ್ಲಿರುವ ನಮ್ಮೂರ ಹುಡುಗರು ಅಳಗುಳಿಮಣೆ, ಕಡೆಗೋಲು ಕೇಳುತ್ತಿದ್ದಾರೆ. ಮಗ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾನೆ, ಬಸ್ಸಿಗೆ ಹಾಕುತ್ತೇವೆ.

ನಾನು ಪಾಲಿಸುವುದು ಮೂರು. ಸಾಲ ಕೊಡುವುದಿಲ್ಲ. ಸೀಳಿದ್ದು, ಬಿರುಕು ಬಿಟ್ಟದ್ದು ಒಂದು ವರ್ಷದೊಳಗೆ ತಂದರೆ ಮಾತಿಲ್ಲದೆ ಬದಲಾಯಿಸಿಕೊಡುತ್ತೇನೆ. ಯಾವ ಮರ ಅಂತ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಬಳ್ಳಾರಿ ಜಾಲಿ ಅಂದರೆ ಮೊದಲು ಮುಖ ಸಿಂಡರಿಸುತ್ತಾರೆ. ಕೈಗೆ ಕೊಟ್ಟರೆ ತಗೊಳ್ಳುತ್ತಾರೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಸಾರಿತು. ನಮ್ಮ ಶೇಂಗಾ ಬಳ್ಳಿ ದನಕ್ಕೂ ಸಾಲಲಿಲ್ಲ. ಊರಿನ ಹಲವರು ಗುಳೆ ಹೋದರು. ನಾವು ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಎರಡು ವರ್ಷ ಒಣಗಿದ ಹಲಗೆ ಇತ್ತು, ಅದೇ ಆ ವರ್ಷದ ಬೆಳೆ ಆಯಿತು. ಹೆಚ್ಚೇನೂ ಉಳಿಯಲಿಲ್ಲ. ಆದರೆ ಮನೆಗೆ ಬೀಗ ಬೀಳಲಿಲ್ಲ.

ಕಡಿದವನು ನೆಡಬೇಕು

ಕೊನೆಗೆ ಒಂದು ಮಾತು. ಇದನ್ನು ಓದಿ ಯಾರೂ ಬದುವಿನ ಮರಕ್ಕೆ ಕೊಡಲಿ ಹಾಕಬೇಡಿ. ನಾನು ಕರಿಜಾಲಿ ಕಡಿದದ್ದು ಬಹಳ ಕಮ್ಮಿ. ಬಿರುಗಾಳಿಗೆ ಬಿದ್ದದ್ದು, ಒಣಗಿದ್ದು, ಬಳ್ಳಾರಿ ಜಾಲಿ, ಇಷ್ಟರಲ್ಲೇ ಕೆಲಸ ನಡೆಯುತ್ತದೆ. ಬಳ್ಳಾರಿ ಜಾಲಿ ತೆಗೆದರೆ ಹೊಲವೂ ಹಸನಾಗುತ್ತದೆ. ಅಪ್ಪನ ನಾಲ್ಕು ಕರಿಜಾಲಿ ಇದ್ದ ಬದುವಿನಲ್ಲಿ 2010ರಿಂದ ತಾನಾಗಿ ಹುಟ್ಟಿದ ಸಸಿಗಳನ್ನು ಮುಳ್ಳು ಕಟ್ಟಿ ಕಾಪಾಡಿದ್ದೇನೆ. ಹದಿನೇಳು ಉಳಿದಿವೆ. ಕೆಳಗಿನ ಕೊಂಬೆಗಳನ್ನು ಎಳೆಯದಿರುವಾಗಲೇ ಸವರಿ ಬೊಡ್ಡೆ ನೆಟ್ಟಗೆ ಬರುವಂತೆ ಮಾಡಿದ್ದೇನೆ. ಅವು ನನ್ನ ಕಾಲಕ್ಕೆ ಅಲ್ಲ.

ಆಚಾರ್ರು ಹೋಗಿ ನಾಲ್ಕು ವರ್ಷ ಆಯಿತು. ಅವರ ಬಾಚಿ ಈಗ ನನ್ನ ಕೈಯಲ್ಲಿದೆ. ಅವರ ಮೊಮ್ಮಗ ವಾರಕ್ಕೆ ಎರಡು ದಿನ ನಮ್ಮ ಕೊಟ್ಟಿಗೆಗೆ ಬಂದು ಕಲಿಯುತ್ತಿದ್ದಾನೆ. ಅವರ ಮನೆಯ ವಿದ್ಯೆಯನ್ನು ಅವರ ಮನೆಗೇ ವಾಪಸ್ ಕೊಡುತ್ತಿದ್ದೇನೆ, ಅಷ್ಟೆ.

ನಿಮ್ಮ ಬದುವಿನಲ್ಲಿ ಮರ ಇದ್ದರೆ ನಾಳೆ ಬೆಳಗ್ಗೆ ಒಂದು ಹುರಿ ಹಿಡಿದು ಹೋಗಿ ಸುತ್ತಳತೆ ತೆಗೆದು ಬರೆದಿಡಿ. ಮಾರಿ, ಮಾರಬೇಡಿ, ಅದು ನಿಮಗೆ ಬಿಟ್ಟದ್ದು. ಬೇರೆ ಸೀಮೆಯವರು ನಿಮ್ಮ ಕಡೆಯ ಮರಗಳನ್ನು ಹೇಗೆ ಒಣಗಿಸುತ್ತೀರಿ, ಹುಳಕ್ಕೆ ಏನು ಮಾಡುತ್ತೀರಿ ಅಂತ ಈ ಪತ್ರಿಕೆಗೆ ಬರೆಯಿರಿ. ನನಗೂ ಕಲಿಯುವುದು ಇನ್ನೂ ಇದೆ.